ಸವಾನಾದಲ್ಲಿ ಮೂರು ದಿನ, ಒಂದು ಬಟ್ಟಲು ಶಾವಿಗೆ

ಸವಾನಾಕ್ಕೆ ಹೋಗಿದ್ದವರು ನಾವು ಎಂಟು ಜನ. ಬಂದ ಮೇಲೆ ಅಲ್ಲಿ ನಡೆದದ್ದರ ಬಗ್ಗೆ ನಮ್ಮ ಕನ್ನಡದವರ ನಡುವೆ ಮೂರು ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ನನ್ನ ಗೆಳತಿ ಜಗಳಗಂಟಿ. ಇನ್ನೊಂದರಲ್ಲಿ ಏನೂ ನಡೆದೇ ಇಲ್ಲ. ಮೂರನೆಯದರಲ್ಲಿ ಅವಳೇ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದಳು, ದೊಡ್ಡವರು ದೊಡ್ಡ ಮನಸ್ಸು ಮಾಡಿ ಸುಮ್ಮನಾದರು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅವಳು ಕ್ಷಮೆ ಕೇಳಿದ್ದು ನಿಜ. ಕೇಳುವಾಗ ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆ. ಆ ಕ್ಷಮೆ ಯಾರಿಗೂ ಸಲ್ಲಬೇಕಿರಲಿಲ್ಲ ಎಂದು ಆ ಮನೆಯಲ್ಲಿ ಖಚಿತವಾಗಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ಅಕ್ಕನ ಅತ್ತೆ. ಇನ್ನೊಬ್ಬಳು ನಾನು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಏನು ಮಾಡಿದೆ, ಆಮೇಲೆ ಏನಾಯಿತು, ಏನಾಗಬೇಕಿತ್ತು, ಈ ಮೂರನ್ನು ಕ್ರಮವಾಗಿ ಬರೆಯುವುದಕ್ಕೇ ನನಗೆ ಸಂಬಳ. ಇಲ್ಲೂ ಹಾಗೆಯೇ ಬರೆಯುತ್ತೇನೆ. ಬೇರೆ ಥರ ಬರೆಯಲು ಹೋದರೆ ಸಿಟ್ಟಿನಲ್ಲಿ ಮಾತು ಹಿಂದುಮುಂದಾಗುತ್ತದೆ.

ಮೊದಲು ಯಾರು ಯಾರು ಎಂದು ಹೇಳಬೇಕು. ನಾನು, ನನ್ನ ಗಂಡ ಸಿಯಾಟಲ್ ಪಕ್ಕದ ಈಸ್ಟ್‌ಗೇಟಿನವರು. ಗೆಳತಿ ರೆಂಟನ್ನಿನಲ್ಲಿದ್ದಾಳೆ, ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಓದಲು ಬಂದು ಇಲ್ಲೇ ನಿಂತವಳು. ಗಂಡ, ಒಂಬತ್ತು ವರ್ಷದ ಮಗಳು. ನಮ್ಮ ಸ್ನೇಹಕ್ಕೆ ಏಳು ವರ್ಷ. ಅಕ್ಕ ಎಂದರೆ ಬೆಲ್ವ್ಯೂನ ಅಕ್ಕ. ಸಂಬಂಧದಲ್ಲಿ ಯಾರಿಗೂ ಅಕ್ಕ ಅಲ್ಲ. ನಮಗಿಂತ ಹತ್ತು ವರ್ಷ ಮೊದಲು ಬಂದವರು, ಹಬ್ಬಕ್ಕೆ ಎಲ್ಲರನ್ನೂ ಕರೆದು ಉಣಿಸುವವರು, ಹಾಗಾಗಿ ಎಲ್ಲರಿಗೂ ಅಕ್ಕ. ಅವರ ಜೊತೆ ಅವರ ಗಂಡ, ಮೈಸೂರಿನಿಂದ ಆರು ತಿಂಗಳಿಗೆ ಬಂದಿದ್ದ ಅತ್ತೆ. ಅತ್ತೆಯನ್ನು ಅಕ್ಕ ಅಮ್ಮ ಎನ್ನುತ್ತಾರೆ. ನಾವೂ ಅಕ್ಕನೂ ಒಂದೇ ಜಾತಿ. ಇದನ್ನು ಈಗಲೇ ಹೇಳಬೇಕು, ಮುಂದೆ ಬೇಕಾಗುತ್ತದೆ.

ಫೆಬ್ರವರಿಯ ಲಾಂಗ್ ವೀಕೆಂಡ್. ಇಲ್ಲಿ ನಾಲ್ಕು ತಿಂಗಳಿಂದ ಬಿಸಿಲು ಕಂಡಿರಲಿಲ್ಲ. ಅಮೆರಿಕದ ದಕ್ಷಿಣ ಕರಾವಳಿಯ ಹಳೆಯ ಊರು, ಚೌಕಗಳು, ಬೂದು ಪಾಚಿ ಜೋತುಬಿದ್ದ ಓಕ್ ಮರಗಳು, ಎರಡು ಶತಮಾನದ ಮನೆಗಳು ಎಂದು ಅಕ್ಕ ಫೋಟೊ ಕಳಿಸಿದರು. ಎಲ್ಲರೂ ಹೂಂ ಅಂದೆವು. ದೊಡ್ಡದೊಂದು ಮನೆ ಬಾಡಿಗೆಗೆ ಹಿಡಿದೆವು. ನಮ್ಮ ಗುಂಪಿನ ಪ್ರವಾಸಗಳಲ್ಲಿ ಒಂದು ಪದ್ಧತಿ ಇದೆ: ಮನೆಯಲ್ಲೇ ಅಡುಗೆ, ಒಂದೊಂದು ಹೊತ್ತು ಒಂದೊಂದು ಮನೆಯವರ ಪಾಳಿ. ಪಾಳಿಯ ಪಟ್ಟಿಯನ್ನು ಎಲ್ಲರ ಫೋನಿನಲ್ಲೂ ಕಾಣುವ ಹಾಗೆ ಒಂದು ಶೀಟಿನಲ್ಲಿ ಹಾಕುವುದು ನನ್ನ ಕೆಲಸ. ಶುಕ್ರವಾರದ ಊಟ ನಮ್ಮದು. ಶನಿವಾರದ ತಿಂಡಿ ಗೆಳತಿಯದು. ಉಳಿದದ್ದರಲ್ಲಿ ಹೆಚ್ಚಿನದು ಅಕ್ಕನದು.

ಗೆಳತಿ ತನ್ನ ಹೆಸರಿನ ಮುಂದೆ "ಒತ್ತು ಶಾವಿಗೆ, ಕಾಯಿಹಾಲು" ಎಂದು ತಾನೇ ತುಂಬಿಸಿದ್ದಳು. ಅದಕ್ಕೆಂದು ಅವಳಮ್ಮನ ಹಿತ್ತಾಳೆಯ ಶಾವಿಗೆ ಒರಳನ್ನು ಕೈಚೀಲದಲ್ಲಿ ತಂದಿದ್ದಳು. ವಿಮಾನ ನಿಲ್ದಾಣದ ತಪಾಸಣೆಯವನು ಅದನ್ನು ಹೊರಗೆ ತೆಗೆದು, ತಿರುಗಿಸಿ, ತೂತುಗಳ ಮೂಲಕ ಅವಳನ್ನೇ ನೋಡಿದ. ಅವಳು ಕೈಯಲ್ಲಿ ಒತ್ತುವ ಹಾಗೆ ಮಾಡಿ ತೋರಿಸಿ, "ನೂಡಲ್ಸ್, ನೂಡಲ್ಸ್" ಅಂದಳು. ನಮ್ಮ ಕಡೆ ತಿರುಗಿ, "ವಿಮಾನದ ರೆಕ್ಕೆ ಲೆಕ್ಕ ಹಾಕೋಳು ಅಂದ್ರೆ ನಂಬ್ತಾನೆ, ಶಾವಿಗೆ ಒತ್ತೋಳು ಅಂದ್ರೆ ನಂಬಲ್ಲ ನೋಡು" ಎಂದಳು. ನಕ್ಕು ನಕ್ಕು ಸಾಕಾಯಿತು. ಅಕ್ಕನ ಅತ್ತೆಯೂ ನಕ್ಕರು.

ಅಟ್ಲಾಂಟಾದಲ್ಲಿ ವಿಮಾನ ಬದಲಿಸಬೇಕಿತ್ತು, ಎರಡು ಗಂಟೆ ಕಾಯಬೇಕಿತ್ತು. ಅಕ್ಕನ ಅತ್ತೆ ಮತ್ತು ಗೆಳತಿ ಒಂದು ಕುರ್ಚಿ ಬಿಟ್ಟು ಕೂತಿದ್ದರು. ನಡುವಿನ ಕುರ್ಚಿಯ ಮೇಲೆ ಅತ್ತೆಯ ಕೈಚೀಲ. ಎದುರು ಕುರ್ಚಿಯಲ್ಲಿ ನಾನು.

"ನಿಮ್ಮದು ಯಾವ ಕಡೆಯಮ್ಮ?"

"ಮಳವಳ್ಳಿ ಹತ್ರ ಅಮ್ಮ."

"ಓ, ಒಳ್ಳೇದು. ಮನೆದೇವರು?"

"ಸಿದ್ದಪ್ಪಾಜಿ."

"ಹಾಗಂದ್ರೆ ಗೌಡ್ರಾ?"

ಗೆಳತಿ ನಗುತ್ತಲೇ ಹೇಳಿದಳು: "ಗೌಡ್ರಲ್ಲಮ್ಮ, ನಾವು ಎಸ್‌ಸಿ. ನೀವು ಇನ್ನೂ ನಾಕು ಪ್ರಶ್ನೆ ಕೇಳಿ ಸುಸ್ತಾಗೋದು ಬೇಡ ಅಂತ ಹೇಳ್ಬಿಟ್ಟೆ."

"ಅಯ್ಯೋ, ನಾನೇನು ಅದನ್ನ ಕೇಳ್ಲಿಲ್ವಲ್ಲಮ್ಮ" ಎಂದರು ಅವರು. ಎಂದು, ನಡುವಿನ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.

ಏಳು ವರ್ಷದಲ್ಲಿ ನಾನು ಅವಳ ಜಾತಿ ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನೇ ನನ್ನ ಒಳ್ಳೆಯತನ ಎಂದುಕೊಂಡಿದ್ದೆ. ಸಿಯಾಟಲ್ ನಗರದಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಬಂದಾಗ ಅಕ್ಕನ ಮನೆಯ ಊಟದಲ್ಲಿ, "ಇಲ್ಲಿ ಎಲ್ಲಿದೆ ಜಾತಿ, ಸುಮ್ನೆ ನಮ್ಮ ಮರ್ಯಾದೆ ಕಳೀತಾರೆ" ಎಂದು ಅಕ್ಕ ಹೇಳಿದ್ದಕ್ಕೆ ನಾನು ತಲೆಯಾಡಿಸಿದ್ದೆ. ಅವತ್ತು ಗೆಳತಿಯೂ ಅದೇ ಮೇಜಿನಲ್ಲಿದ್ದಳು. ಏನು ಮಾಡುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನೆನಪಾಗುವುದಿಲ್ಲ. ನಾನು ಅವಳ ಕಡೆ ನೋಡಿರಲೇ ಇಲ್ಲ.

ಸವಾನಾದ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ನಾನು ಅಡುಗೆಮನೆಯಲ್ಲಿ ಕುಕ್ಕರ್ ತೊಳೆಯುತ್ತಿದ್ದೆ. ಅಕ್ಕ ಬಂದು ಬಾಗಿಲು ಅರ್ಧ ಹಾಕಿದರು.

"ನಾಳೆ ತಿಂಡಿ ಅವಳದಲ್ವಾ? ಅದನ್ನ ನನ್ನ ಹೆಸರಿಗೆ ಹಾಕ್ಬಿಡು."

"ಯಾಕಕ್ಕ? ಅವಳು ಒರಳೆಲ್ಲ ಹೊತ್ಕೊಂಡು ಬಂದಿದಾಳೆ."

"ಅಮ್ಮಂಗೆ ಹೊಟ್ಟೆ ಸರಿ ಇಲ್ಲ ಕಣೇ. ಉಪ್ಪಿಟ್ಟು ಆದ್ರೆ ಹಗುರ. ಅವಳಿಗೆ ಪೇಪರ್ ಪ್ಲೇಟು, ಐಸು, ನೀರಿನ ಬಾಟಲಿ ತರೋದು ಕೊಡು. ಅದೂ ಕೆಲಸಾನೇ ಅಲ್ವಾ?"

ನಾನು ಕೈ ಒರೆಸಿಕೊಂಡು ಫೋನು ತೆಗೆದೆ. ಒಂದು ಹೆಸರು ಅಳಿಸಿ ಇನ್ನೊಂದು ಬರೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಕಾರಣ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಹೊಟ್ಟೆ ಸರಿ ಇಲ್ಲ ಎಂಬ ಮಾತು ಕೈಗೆ ಸಿಕ್ಕಿತು, ಹಿಡಿದುಕೊಂಡೆ. ಅಕ್ಕನೂ ಈ ಮಾತನ್ನು ನನ್ನ ಹತ್ತಿರವೇ ತಂದದ್ದು ನಾನು ಪಟ್ಟಿ ನೋಡಿಕೊಳ್ಳುತ್ತೇನೆ ಎಂದಷ್ಟೇ ಅಲ್ಲ. ನಾನು ಅವರವಳು ಎಂದು.

ಶನಿವಾರ ಬೆಳಿಗ್ಗೆ ಗೆಳತಿ ಒಂದು ಕೈಯಲ್ಲಿ ಅಕ್ಕಿಹಿಟ್ಟಿನ ಪೊಟ್ಟಣ, ಇನ್ನೊಂದರಲ್ಲಿ ಒರಳು ಹಿಡಿದು ಕೆಳಗೆ ಇಳಿದಳು. ಅಕ್ಕ ರವೆ ಹುರಿಯುತ್ತಿದ್ದರು.

"ಇವತ್ತು ನಂದಲ್ವಾ ಅಕ್ಕ?"

"ಬಿಡೇ, ವಾರವೆಲ್ಲ ಫ್ಯಾಕ್ಟರೀಲಿ ದುಡಿದಿರ್ತೀಯ. ರೆಸ್ಟ್ ಮಾಡು."

"ನಾನು ಫ್ಯಾಕ್ಟರೀಲಿ ಕಂಪ್ಯೂಟರ್ ಮುಂದೆ ಕೂತಿರ್ತೀನಿ ಅಕ್ಕ, ರೆಕ್ಕೆ ಹೊರಲ್ಲ."

ಎಲ್ಲರೂ ನಕ್ಕರು. ಅವಳು ಒರಳನ್ನು ಮೇಜಿನ ಮೇಲಿಟ್ಟು ಫೋನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೀನು ಚೇಂಜ್ ಮಾಡಿದ್ಯಾ?"

"ಹೂಂ. ಅಕ್ಕ ಹೇಳಿದ್ರು."

"ಸರಿ."

ಒರಳನ್ನು ಮೇಲೆ ಇಟ್ಟು ಬಂದು, ಗಂಡನನ್ನು ಕರೆದುಕೊಂಡು ಹೋಗಿ ಎರಡು ಚೀಲ ಐಸ್ ತಂದಳು. ಫೆಬ್ರವರಿಯಲ್ಲಿ ಎಂಟು ಜನಕ್ಕೆ ಎರಡು ಚೀಲ ಐಸ್. ಅದು ಸಿಂಕಿನಲ್ಲಿ ಕರಗುತ್ತಾ ಬಿದ್ದಿತ್ತು. ಯಾರೂ ಮುಟ್ಟಲಿಲ್ಲ.

ಹನ್ನೊಂದು ಗಂಟೆಗೆ ಒಂದು ಹಳೆಯ ವ್ಯಾಪಾರಿಯ ಮನೆ ನೋಡಲು ಹೋದೆವು. ಈಗ ಅದು ಮ್ಯೂಸಿಯಂ. ಮುಂದಿನ ಭಾಗದಲ್ಲಿ ಗೊಂಚಲು ದೀಪ, ಕನ್ನಡಿ, ಬಾಗಿದ ಮೆಟ್ಟಿಲು. ಹಿತ್ತಲಿನ ಅಂಗಳದಾಚೆ, ಗುಲಾಮರು ಇದ್ದ ಎರಡಂತಸ್ತಿನ ಕಟ್ಟಡ. ಮೊದಲೇ ಅಲ್ಲಿಗೆ ಕರೆದೊಯ್ದು ನಿಲ್ಲಿಸಿದರು. ಮನೆ ತೋರಿಸುತ್ತಿದ್ದವಳು ಮೂವತ್ತರ ಆಸುಪಾಸಿನ ಕರಿಯ ಹೆಂಗಸು. ಹಾಸಿಗೆ ಇರಲಿಲ್ಲ, ನೆಲದ ಮೇಲೆ ಮಲಗುತ್ತಿದ್ದರು ಎಂದಳು. ಅಡುಗೆಯವಳು ಇನ್ನೂ ಕತ್ತಲಿರುವಾಗ ಎದ್ದು ನೆಲಮಾಳಿಗೆಯಲ್ಲಿ ಒಲೆ ಹೊತ್ತಿಸಬೇಕಿತ್ತು ಎಂದಳು. ದನಿ ಏರಿಸದೆ, ದಿನಾ ಹೇಳುವವರ ಹಾಗೆ ಹೇಳಿದಳು. ಅಕ್ಕನ ಕಣ್ಣು ತುಂಬಿ ಬಂತು. ನಾಟಕವಲ್ಲ, ನಿಜವಾಗಿಯೂ ತುಂಬಿ ಬಂತು.

ಅಂಗಳಕ್ಕೆ ಬಂದ ಮೇಲೆ ಮೂಗು ಒರೆಸಿಕೊಂಡು ಅಕ್ಕ ಹೇಳಿದರು: "ಎಂಥಾ ಜನ ಇವರು. ಹೇಗೆ ಮನಸ್ಸು ಬರುತ್ತೆ? ಅವರ ಕೈಲೇ ಬೇಯಿಸ್ಕೊಂಡು, ತಿಂದ್ಕೊಂಡು, ಅವರನ್ನೇ ಹೀಗೆ ಇಡೋಕೆ?"

"ಇವರಾದ್ರೂ ತಿಂತಿದ್ರು ಅಕ್ಕ" ಎಂದಳು ಗೆಳತಿ.

ಜೋರಾಗಿ ಹೇಳಲಿಲ್ಲ. ಮಗಳ ಜಾಕೆಟ್ಟಿನ ಜಿಪ್ ಹಾಕುತ್ತಾ ಹೇಳಿದಳು. ಅಕ್ಕ ಕರವಸ್ತ್ರವನ್ನು ಮಡಿಸಿದರು, ಮತ್ತೆ ಬಿಡಿಸಿದರು. ಅಕ್ಕನ ಗಂಡ ಇಟ್ಟಿಗೆ ಗೋಡೆಯನ್ನು ನೋಡಿದರು. ನನ್ನ ಗಂಡ ನನ್ನ ಮೊಣಕೈ ಹಿಡಿದು ಗೇಟಿನ ಕಡೆ ಕರೆದುಕೊಂಡು ಹೋದ. "ಸುಮ್ನಿರು. ಇನ್ನೆರಡು ದಿನದ ವಿಷಯ" ಎಂದ. ನಾನು ಏನೂ ಹೇಳಿರಲೇ ಇಲ್ಲ. ಹೇಳುವ ಮೊದಲೇ ಸುಮ್ಮನಿರಿಸಬೇಕಾದಂಥವಳೂ ನಾನಲ್ಲ ಎಂದು ಅವನಿಗೆ ಗೊತ್ತಿರಬೇಕಿತ್ತು.

ಅವತ್ತೆಲ್ಲ ಅಕ್ಕ ಅವಳ ಜೊತೆ ಅತಿ ಮರ್ಯಾದೆಯಿಂದ ಮಾತಾಡಿದರು. "ನೀರು ತಗೊಳ್ತೀರಾ?" ಎಂದು ಕೇಳಿದರು. ಏಳು ವರ್ಷದಿಂದ "ಏನೇ, ಬಾರೇ" ಎನ್ನುತ್ತಿದ್ದವರು.

ಭಾನುವಾರ ಬೆಳಿಗ್ಗೆ ನಾನು ಕೆಳಗೆ ಬರುವ ಹೊತ್ತಿಗೆ ಗೆಳತಿ ಶಾವಿಗೆ ಒತ್ತುತ್ತಿದ್ದಳು. ಮಗಳು ಒಂದು ಸ್ಟೂಲಿನ ಮೇಲೆ ನಿಂತು, ಇಡೀ ಮೈಭಾರ ಬಿಟ್ಟು ಒರಳಿನ ಹಿಡಿ ಅದುಮುತ್ತಿದ್ದಳು. ಬಿಸಿ ಎಳೆಗಳು ತಟ್ಟೆಯ ಮೇಲೆ ಸುತ್ತಿಕೊಂಡು ಬೀಳುತ್ತಿದ್ದವು. ಪಕ್ಕದಲ್ಲಿ ಬೆಲ್ಲ, ಗಸಗಸೆ, ಏಲಕ್ಕಿ ಹಾಕಿದ ಕಾಯಿಹಾಲು.

"ಶೀಟಲ್ಲಿ ಇಲ್ಲ. ಆದ್ರೂ ಮಾಡ್ದೆ. ಇಷ್ಟ ಇದ್ದೋರು ತಿನ್ನಿ" ಎಂದಳು ಎಲ್ಲರೂ ಬಂದ ಮೇಲೆ.

ಅಕ್ಕನ ಗಂಡ ತಟ್ಟೆಗೆ ಕೈ ಹಾಕಿದರು. "ರೀ, ಇವತ್ತು ನಮ್ಮದು ಒಪ್ಪತ್ತು" ಎಂದರು ಅಕ್ಕ.

"ಯಾವ ಒಪ್ಪತ್ತು?"

ಅಕ್ಕ ಅವರನ್ನು ನೋಡಿದರು. ಅವರು ಕೈ ಹಿಂತೆಗೆದರು. "ಓ, ಹೌದು, ಹೌದು" ಎಂದು ಕಾಫಿ ಲೋಟ ಹಿಡಿದು ಹೊರಗೆ ಹೋದರು.

ನಾನು ತಿಂದೆ, ನನ್ನ ಗಂಡ ತಿಂದ. ಎರಡನೆಯ ಸಲವೂ ಹಾಕಿಸಿಕೊಂಡೆ. ಹಸಿವಿನಿಂದಲ್ಲ, ಎಲ್ಲರಿಗೂ ಕಾಣಲಿ ಎಂದು. ಎರಡು ತಟ್ಟೆ ಶಾವಿಗೆಯಲ್ಲಿ ನನ್ನ ಪಾಲಿನ ಕರ್ತವ್ಯ ಮುಗಿಯಿತು ಎಂದುಕೊಂಡಿದ್ದೆನೋ ಏನೋ.

ಆಮೇಲೆ ಎಲ್ಲರೂ ವರಾಂಡಕ್ಕೆ ಹೋದರು. ಅಡುಗೆಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಕ್ಕನ ಅತ್ತೆ ಒಬ್ಬರೇ ಕೂತಿದ್ದರು. ಅದಕ್ಕೆ ಹೊಂದಿಕೊಂಡ, ಬಟ್ಟೆ ಒಗೆಯುವ ಮೆಷಿನ್ ಇಟ್ಟ ಚಿಕ್ಕ ಕೋಣೆಯಲ್ಲಿ ನಾನು ಟವೆಲ್ಲು ಮಡಿಸುತ್ತಿದ್ದೆ. ಬಾಗಿಲು ತೆರೆದಿತ್ತು. ಗೆಳತಿಯ ಮಗಳು ಒಂದು ಬಟ್ಟಲಲ್ಲಿ ಶಾವಿಗೆ, ಕಾಯಿಹಾಲು ಹಾಕಿ, ಚಮಚ ಇಟ್ಟು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು.

"ಅಜ್ಜಿ, ದಿಸ್ ಈಸ್ ಫಾರ್ ಯು. ಐ ಪ್ರೆಸ್ಡ್ ಇಟ್."

"ಅಲ್ಲಿಡು ಕಂದ. ತಿಂತೀನಿ."

ಮಗು ಹೊರಗೆ ಓಡಿತು. ಅಕ್ಕನ ಅತ್ತೆ ಎದ್ದರು. ಪೇಪರ್ ಟವೆಲ್ಲಿನ ಒಂದು ಹಾಳೆ ಹರಿದು, ಅದರಲ್ಲಿ ಬಟ್ಟಲಿನ ಅಂಚು ಹಿಡಿದು, ಕಸದ ಡಬ್ಬಿಗೆ ಬಗ್ಗಿಸಿದರು. ಮೇಲೆ ಇನ್ನೆರಡು ಹಾಳೆ ಮುಚ್ಚಿದರು. ಬಟ್ಟಲನ್ನು ಮತ್ತೆ ಮೇಜಿನ ಮೇಲಿಟ್ಟು, ಚಮಚವನ್ನು ಹಾಳೆಯಲ್ಲೇ ಹಿಡಿದು ಬಟ್ಟಲಿನೊಳಗೆ ಇಟ್ಟರು. ಸಿಂಕಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದರು. ಕುರ್ಚಿಗೆ ಬಂದು ಕೂತರು.

ಮಗು ಮತ್ತೆ ಬಂತು. "ಯು ಫಿನಿಶ್ಡ್!" ಎಂದು ಕುಣಿಯಿತು.

"ಹ್ಞೂ ಕಂದ. ತುಂಬಾ ಚೆನ್ನಾಗಿತ್ತು."

ಮಗು ಬಟ್ಟಲು ಎತ್ತಿಕೊಂಡು, ಅಮ್ಮನಿಗೆ ತೋರಿಸಲು ಓಡಿತು. ಆಗ ಅವರು ನನ್ನನ್ನು ಕಂಡರು. ಗಾಬರಿಯಾಗಲಿಲ್ಲ. "ಮಗುವಿನ ಮನಸ್ಸು ನೋಯಬಾರ್ದಲ್ಲಮ್ಮ" ಎಂದರು. ನಾನು ಉಳಿದ ಟವೆಲ್ಲುಗಳನ್ನು ಮಡಿಸಿದೆ. ನಾಲ್ಕಿದ್ದವು. ನಾಲ್ಕನ್ನೂ ಮಡಿಸಿದೆ.

ಅರ್ಧ ಗಂಟೆಯ ನಂತರ, ನದಿ ದಂಡೆಗೆ ಹೊರಡಲು ಎಲ್ಲರೂ ಚಪ್ಪಲಿ, ಶೂ ಹಾಕಿಕೊಳ್ಳುತ್ತಿದ್ದಾಗ, ಗೆಳತಿ ಅಕ್ಕನ ಎದುರು ಬಂದು ನಿಂತಳು.

"ಅಕ್ಕ, ನಿನ್ನೆ ಆ ಮನೇಲಿ ನಾನು ಹಾಗನ್ನಬಾರ್ದಿತ್ತು. ತಪ್ಪಾಯ್ತು. ಅಮ್ಮ ಒಪ್ಪತ್ತು ಇದ್ರೂ ಮಗು ಕೊಡ್ತು ಅಂತ ಪೂರ್ತಿ ತಿಂದ್ರಂತೆ. ನಾನೇ ಏನೇನೋ ಅಂದ್ಕೊಂಡ್ಬಿಟ್ಟೆ."

"ಬಿಡೇ. ನಾವೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ" ಎಂದರು ಅಕ್ಕ. ಅಕ್ಕನಿಗೆ ಡಬ್ಬಿಯ ವಿಷಯ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಮತ್ತೆ "ಬಿಡೇ" ಎಂದು ಕರೆದದ್ದಕ್ಕೆ ಗೆಳತಿಯ ಮುಖ ಅರಳಿತು. ಅವಳು ಅತ್ತೆಯ ಕಡೆ ತಿರುಗಿ ಕಾಲು ಮುಟ್ಟಲು ಬಗ್ಗಿದಳು. ಅವರು ಎರಡೂ ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡು, "ಆಯ್ತು ಆಯ್ತು, ಒಳ್ಳೇದಾಗ್ಲಿ" ಎಂದರು. ಅವಳ ಕೈ ನೆಲ ಮುಟ್ಟಿತು. ಆ ನೆಲ ಮುಟ್ಟಿದ ಕೈಯನ್ನು ಅವಳು ಕಣ್ಣಿಗೆ ಒತ್ತಿಕೊಂಡಳು.

ನಾನು ಬಾಗಿಲ ಹತ್ತಿರ ಇದ್ದೆ. ಒಂದು ವಾಕ್ಯ ಸಾಕಿತ್ತು. ಬಾಯಿಯೂ ತೆರೆದೆ. "ಲೇಟಾಗುತ್ತೆ, ಹೊರಡೋಣ" ಎಂದೆ.

ನದಿ ದಂಡೆಯಲ್ಲಿ, ಹಿಂದೆ ಖಾಲಿ ಹಡಗುಗಳಿಗೆ ತೂಕಕ್ಕೆಂದು ತುಂಬಿ ತಂದ ಕಲ್ಲುಗಳನ್ನೇ ಹಾಸಿದ ಬೀದಿಯಲ್ಲಿ, ಎಂಟೂ ಜನ ನಿಂತು ತೆಗೆಸಿಕೊಂಡ ಫೋಟೊ ಇದೆ. ಬಿಸಿಲು ಚೆನ್ನಾಗಿ ಬಿದ್ದಿದೆ. ಗೆಳತಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಾಳೆ. ಆ ಫೋಟೊವನ್ನು ನಾನು ಅಳಿಸಿದ್ದೇನೆ. ಅಕ್ಕ ಅದನ್ನು ಗ್ರೂಪಿನಲ್ಲಿ ಹಾಕಿದ್ದಾರೆ, ಎಪ್ಪತ್ತು ಜನ ಹೃದಯ ಒತ್ತಿದ್ದಾರೆ.

ಸೋಮವಾರ ವಾಪಸು ಬಂದೆವು. ಆಮೇಲೆ ಮೂರು ವಾರ ನಾನು ಏನೂ ಮಾಡಲಿಲ್ಲ. ಅವಳ ಎಂದಿನ ಮೆಸೇಜುಗಳಿಗೆ ಉತ್ತರಿಸಿದೆ. ಅವಳು ಕಳಿಸಿದ ಜೋಕಿಗೆ ನಕ್ಕ ಮುಖ ಕಳಿಸಿದೆ. ಹೇಳಿದರೆ ಅವಳಿಗೇ ನೋವು ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನ ಅತ್ತೆಯೂ ಇದನ್ನೇ ಅಲ್ಲವೇ ಹೇಳಿದ್ದು? ಇದು ನನಗೆ ಹೊಳೆಯಲು ಮೂರು ವಾರ ಬೇಕಾಯಿತು. ಹೊಳೆಸಿದ್ದೂ ಒಂದು ಊಟ. ಬೆಲ್ವ್ಯೂನಲ್ಲಿ ಒಬ್ಬರ ಮನೆಯಲ್ಲಿ, ಗೆಳತಿ ಇಲ್ಲದ ಊಟದಲ್ಲಿ, ಅಕ್ಕ ಅನ್ನ ಬಡಿಸುತ್ತಾ ಹೇಳಿದರು: "ಪಾಪ, ಅವಳಿಗೆ ಸ್ವಲ್ಪ ಕಾಂಪ್ಲೆಕ್ಸು. ನಾವೇ ಏನೋ ಮಾಡಿದ್ವಿ ಅಂತ ಮಾತಾಡಿದ್ಲು, ಆಮೇಲೆ ತಾನೇ ಕಾಲಿಗೆ ಬಿದ್ದು ಕ್ಷಮೆ ಕೇಳಿದ್ಲು. ಇವಳೂ ಇದ್ಲಲ್ಲ, ಕೇಳಿ ಬೇಕಾದ್ರೆ." ಎಂದು ಸೌಟಿನಲ್ಲಿ ನನ್ನನ್ನು ತೋರಿಸಿದರು. ಹನ್ನೆರಡು ಜನ ನನ್ನ ಕಡೆ ನೋಡಿದರು. ನಾನು ಸಾಕ್ಷಿ.

ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ಅಲ್ಲಿಯೂ ಹೇಳಲಿಲ್ಲ. ಮೊದಲು ಅವಳಿಗೆ ಹೇಳಬೇಕಿತ್ತು.

ಮಾರನೆಯ ದಿನ ಬೆಳಿಗ್ಗೆ ರೆಂಟನ್ನಿಗೆ ಹೋದೆ. ಗಂಡ, ಮಗಳು ಈಜಿಗೆ ಹೋಗಿದ್ದರು. ಅವಳು ಬಟ್ಟೆ ಮಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಶೀಟು, ಹೊಟ್ಟೆ ಸರಿ ಇಲ್ಲ ಎಂದದ್ದು, ಪೇಪರ್ ಟವೆಲ್ಲು, ಡಬ್ಬಿ, ಮೊಣಕೈವರೆಗೆ ತೊಳೆದದ್ದು.

"ಮೂರು ವಾರ" ಎಂದಳು ಕೊನೆಗೆ.

"ಹೂಂ."

"ನಾನು ಅವರ ಕಾಲಿಗೆ ಬಗ್ಗಿದಾಗ ನೀನೆಲ್ಲಿದ್ದೆ?"

"ಬಾಗಿಲ ಹತ್ರ."

"ಎಷ್ಟು ದೂರ?"

"ಮೂರು ಅಡಿ."

"ಅಳತೆ ಚೆನ್ನಾಗಿ ಇಟ್ಟಿದೀಯ ಕಣಮ್ಮಿ." ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟಳು. "ಅವರು ಮಾಡಿದ್ದು ನಂಗೆ ಹೊಸದಲ್ಲ. ನಮ್ಮಜ್ಜಿಗೆ ಮಾಡಿದ್ರು, ನಮ್ಮವ್ವಂಗೆ ಮಾಡಿದ್ರು. ಅದಕ್ಕೆ ಏನು ಹೇಳ್ಬೇಕು ಅಂತ ನಂಗೊತ್ತು, ಹೇಳಿದ್ದೆ ಕೂಡ. ನೀನು ಮಾಡಿದ್ದೇನು ಗೊತ್ತಾ? ಆ ಹೇಳಿದ್ದಕ್ಕೆ ನನ್ನ ಕೈಲಿ ಕ್ಷಮೆ ಕೇಳಿಸ್ದೆ."

ಕ್ಷಮಿಸು ಎನ್ನಲು ಆಗಲಿಲ್ಲ. ಆ ಮಾತನ್ನು ಅವಳ ಮುಂದೆ ಆಡುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

"ಫೋನ್ ತೆಗಿ" ಎಂದಳು. "ಸ್ಪೀಕರಿಗೆ ಹಾಕು. ನನಗೆ ಹೇಳಿದ ಹಾಗೇ ಹೇಳು, ಒಂದೂ ಬಿಡದೆ."

ಅಕ್ಕ ಎತ್ತಿದರು. "ಏನೇ, ನಿನ್ನೆ ಊಟ ಅರ್ಧಕ್ಕೇ ಬಿಟ್ಟು ಹೋದೆ?" ನಾನು ಹೇಳಿದೆ. ಕ್ರಮ ತಪ್ಪಲಿಲ್ಲ. ಆ ಕಡೆ ಕುಕ್ಕರ್ ಒಂದು ಸಲ ಕೂಗಿದ್ದು ಕೇಳಿಸಿತು.

"ಅಮ್ಮಂಗೆ ಎಂಬತ್ತಾಯ್ತು ಕಣೇ" ಎಂದರು ಅಕ್ಕ. "ಹಳೇ ಕಾಲದವರು. ಅದನ್ನ ಈಗ ಕೆದಕಿ ಏನು ಸಿಗುತ್ತೆ? ನೀನು ನಮ್ಮೋಳಾಗಿ ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ."

ಗೆಳತಿ ಫೋನಿಗೆ ಬಗ್ಗಿದಳು. "ಅಕ್ಕ, ನಾನೂ ಇಲ್ಲೇ ಇದೀನಿ. ಅವತ್ತು ಕೇಳಿದ ಕ್ಷಮೆ ವಾಪಸ್ ತಗೊಂಡಿದೀನಿ. ಎಲ್ಲೆಲ್ಲಿ ಹೇಳಿದೀರೋ ಅಲ್ಲೆಲ್ಲ ಇದನ್ನೂ ಹೇಳಿ. ನೀವು ಹೇಳ್ದೆ ಇದ್ರೆ ಇವಳು ಹೇಳ್ತಾಳೆ." ಎಂದು ಕಾಲ್ ಕಟ್ ಮಾಡಿದಳು.

ಆಮೇಲೆ ನನಗೆ ಹೇಳಿದಳು: "ಹೇಳು, ಬರಿ, ಏನಾದ್ರೂ ಮಾಡು. ಮಗಳಿಗೆ ಮಾತ್ರ ಗೊತ್ತಾಗ್ಬಾರ್ದು. ಬರೆದ್ರೆ ಕನ್ನಡದಲ್ಲಿ ಬರಿ. ಕೇಳಿದ್ರೆ ಅರ್ಥ ಆಗುತ್ತೆ ಅವಳಿಗೆ, ಓದೋಕೆ ಬರಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಮಗಳು ಒದ್ದೆ ಕೂದಲಲ್ಲಿ ಒಳಗೆ ಬಂದು ನನ್ನನ್ನು ಕಂಡು, ಈ ವೀಕೆಂಡ್ ಅಜ್ಜಿ ಮನೆಗೆ ಹೋಗೋಣವೇ, ಇನ್ನೊಂದು ಸಲ ಶಾವಿಗೆ ಮಾಡಿಕೊಡಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಜ್ಜಿ ಊರಿಗೆ ಹೋದ್ರು ಪುಟ್ಟಿ" ಎಂದಳು ಅವಳಮ್ಮ, ಬಟ್ಟೆಯಿಂದ ಕಣ್ಣೆತ್ತದೆ.

ಮಗುವಿಗೆ ನಂಬಿಕೆ ಬರಲಿಲ್ಲ. ಅಕ್ಕನ ಅತ್ತೆ ಹೊರಡುವುದು ಜೂನಿನಲ್ಲಿ ಎಂದು ಅದಕ್ಕೆ ಅವರೇ ಹೇಳಿದ್ದರು. "ಈಸ್ ದಟ್ ಟ್ರೂ, ಆಂಟಿ?" ಎಂದು ನನ್ನ ಕಡೆ ತಿರುಗಿತು. ಗೆಳತಿ ಈಗ ಕಣ್ಣೆತ್ತಿದಳು.

"ಹೌದು ಪುಟ್ಟಿ, ಹೋದರು" ಎಂದೆ.